ದಶಮೂಷಕಾಧಿಕರಣ: ಹತ್ತು ಇಲಿ ಕೊಲ್ಲುವವನಿಗೆ ಕಥೆ ಯಾಕೆ?

ಮೊದಲಿಗೆ ಸರ್ವರಿಗೆ ನಮಸ್ಕಾರ. ಅದು ಎದ್ದಿದ್ದರೆ ಲೋಕವುಂಟು, ಬಿದ್ದರೆ ಪ್ರಳಯ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆಟದ ಅಮೆರಿಕದ ಸರ್ವರುಗಳಲ್ಲಿ ಈ ಪ್ರಳಯವು ಮೇಂಟೆನೆನ್ಸ್ ಎಂಬ ಹೆಸರಿನಿಂದ ಮಂಗಳವಾರವೇ ಜರುಗುವುದು ಸಂಪ್ರದಾಯವಾದ್ದರಿಂದ, ಮಂಗಳಾಚರಣೆ ಇಲ್ಲಿಗೆ ಮುಗಿಯಿತೆಂದು ತಿಳಿಯತಕ್ಕದ್ದು.

ಪೂರ್ವಸೂರಿಗಳು ಎಂಥ ಕಗ್ಗಂಟನ್ನಾದರೂ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳಲ್ಲಿ ಬಿಡಿಸುತ್ತಿದ್ದರು. ವೇದಕ್ಕೆ ಸಂದ ಮರ್ಯಾದೆ ಹತ್ತು ಇಲಿಗಳಿಗೂ ಸಲ್ಲಲಿ ಎಂದು ನಾವೂ ಅದೇ ದಾರಿ ಹಿಡಿದಿದ್ದೇವೆ.

ವಿಷಯ

ಸಾವಿರಾರು ಜನ ಇಂಟರ್ನೆಟ್‌ನಲ್ಲಿ ಒಂದೇ ಲೋಕದೊಳಗೆ ನೆರೆದು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಆಟಗಳೇ ಈ ಶಾಸ್ತ್ರದ ಕ್ಷೇತ್ರ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಮಡ್’ ಇದರ ಮೂಲಪುರುಷ. 1999ರ ‘ಎವರ್‌ಕ್ವೆಸ್ಟ್’ ಮತ್ತು 2004ರ ವಾರ್‌ಕ್ರಾಫ್ಟ್ ವಂಶೋದ್ಧಾರಕರು. ಈ ಲೋಕಗಳಲ್ಲಿ ಕೆಲಸ ಹಚ್ಚುವವನನ್ನು ಕ್ವೆಸ್ಟ್‌ದಾತ ಎನ್ನಬಹುದು. ಲಕ್ಷಣ: ತಲೆಯ ಮೇಲೆ ಹಳದಿ ಆಶ್ಚರ್ಯಸೂಚಕ ಚಿಹ್ನೆ ಉಳ್ಳವನು. ‘ಹಳದಿ’ ಎಂದಿದ್ದೇಕೆ? ಬೂದು ಬಣ್ಣದ ಚಿಹ್ನೆಯವರೂ ಇದ್ದಾರೆ. ನಮ್ಮ ಲೆವೆಲ್ ಸಾಲದೆಂದು ಅವರು ಸದ್ಯಕ್ಕೆ ಮಾತಾಡಿಸುವುದಿಲ್ಲ. ಅತಿವ್ಯಾಪ್ತಿ ದೋಷ ಹೀಗೆ ಪರಿಹಾರವಾಯಿತು.

ಕ್ವೆಸ್ಟ್‌ದಾತನ ಮಾತಿನಲ್ಲಿ ಎರಡು ಭಾಗ. ‘ಹತ್ತು ಇಲಿ ಕೊಂದು ಬಾ’ ಎಂಬುದು ವಿಧಿ. ಇಲಿಗಳು ಯಾರ ಕಣಜ ಹಾಳುಮಾಡಿದವು, ಆ ಕಣಜದವನ ಅಪ್ಪ ಯಾವ ಯುದ್ಧದಲ್ಲಿ ಮಡಿದ ಎಂಬುದೆಲ್ಲ ಅರ್ಥವಾದ.

ಸಂಶಯ

ಈ ಅರ್ಥವಾದಕ್ಕೆ ಪ್ರಾಮಾಣ್ಯ ಉಂಟೋ ಇಲ್ಲವೋ? ಜೈಮಿನಿಯ ಮೀಮಾಂಸಾಸೂತ್ರಗಳ ಮೊದಲ ಅಧ್ಯಾಯದಲ್ಲೇ ವೇದವನ್ನು ಕುರಿತು ಇದೇ ಪ್ರಶ್ನೆ ಎದ್ದಿದೆ. ವೇದ ಇರುವುದೇ ಕರ್ಮಕ್ಕಾಗಿ ಎಂದಮೇಲೆ, ಯಾವ ಕರ್ಮವನ್ನೂ ವಿಧಿಸದ ವರ್ಣನೆಗಳು ದಂಡವಲ್ಲವೇ? ಜೈಮಿನಿಗೆ ಸ್ಕಿಪ್ ಬಟನ್ ಇರಲಿಲ್ಲ. ನಮಗಿದೆ, ಆದ್ದರಿಂದ ಸಂಶಯವೂ ಹೆಚ್ಚು.

ಪೂರ್ವಪಕ್ಷ

ಕಥೆ ವ್ಯರ್ಥ ಎನ್ನುವವರು ಮೂರು ಪ್ರಮಾಣ ಒಡ್ಡುತ್ತಾರೆ.

ಒಂದು, ಪ್ರತ್ಯಕ್ಷ. ಕ್ವೆಸ್ಟ್‌ದಾತ ಬಾಯಿ ತೆರೆಯುವ ಮೊದಲೇ ಆಟಗಾರನ ಬೆರಳು ‘ಅಕ್ಸೆಪ್ಟ್’ ಮೇಲಿರುತ್ತದೆ. ವಾರ್‌ಕ್ರಾಫ್ಟ್‌ನಲ್ಲಿ ಮೊದಮೊದಲು ಆತನ ಮಾತು ಪರದೆಯ ಮೇಲೆ ನಿಧಾನವಾಗಿ ಮೂಡುತ್ತಿತ್ತು. ಒಂದೇ ಏಟಿಗೆ ಮೂಡಿಸುವ ಆಯ್ಕೆಯೂ ಇತ್ತು. ಅದನ್ನು ಆರಿಸಿಕೊಂಡವರೆಲ್ಲ ಬೇಗ ಓದುವ ಆಸೆಯಿಂದ ಆರಿಸಿಕೊಂಡರೆಂದು ನಂಬುವ ಮುಗ್ಧರು ವಿರಳ. 2009ರ ಡಿಸೆಂಬರಿನ ಪ್ಯಾಚ್ ಬಂದಮೇಲೆ ಎಲ್ಲಿಗೆ ಹೋಗಬೇಕೆಂದು ನಕ್ಷೆಯೇ ತೋರಿಸತೊಡಗಿ, ಓದಲು ಉಳಿದಿದ್ದ ಕೊನೆಯ ನೆಪವೂ ಹೋಯಿತು. 2011ರ ‘ಸ್ಟಾರ್ ವಾರ್ಸ್: ದಿ ಓಲ್ಡ್ ರಿಪಬ್ಲಿಕ್’ ಓದುವ ಶ್ರಮವೇ ಬೇಡವೆಂದು ಎರಡು ಲಕ್ಷಕ್ಕೂ ಹೆಚ್ಚು ಸಾಲುಗಳನ್ನು ನಟರ ಬಾಯಲ್ಲಿ ಆಡಿಸಿತು. ಗುಂಪಿನಲ್ಲಿ ಒಬ್ಬ ಪಾಪದವನು ಕಿವಿಗೊಟ್ಟು ಕೇಳುತ್ತಿದ್ದರೆ, ಮಿಕ್ಕವರು ಚಾಟ್‌ನಲ್ಲಿ ‘ಸ್ಪೇಸ್‌ಬಾರ್, ಸ್ಪೇಸ್‌ಬಾರ್’ ಎಂದು ಜಪ ಮಾಡಿದರು.

ಎರಡು, ಆಪ್ತವಾಕ್ಯ. ಮಡ್ ಕಟ್ಟಿದವರಲ್ಲಿ ಒಬ್ಬರಾದ ರಿಚರ್ಡ್ ಬಾರ್ಟಲ್ 1996ರಲ್ಲಿ ಆಟಗಾರರ ಚಾತುರ್ವರ್ಣ್ಯವನ್ನು ಎಲೆಯಾಟದ ಲೆಕ್ಕದಲ್ಲಿ ವಿಂಗಡಿಸಿದರು: ಗಳಿಸುವವರು ಡೈಮಂಡು, ಹುಡುಕುವವರು ಇಸ್ಪೀಟು, ಹರಟುವವರು ಆಟೀನು, ಕೊಲ್ಲುವವರು ಕಳಾವರು. ಕಥೆ ಕೇಳುವವರಿಗೆ ಈ ಕಟ್ಟಿನಲ್ಲಿ ಜೋಕರ್ ಸ್ಥಾನವೂ ಇಲ್ಲ. ವಾರ್‌ಕ್ರಾಫ್ಟ್‌ನ ಕ್ವೆಸ್ಟ್‌ಗಳನ್ನು ರೂಪಿಸಿದ ಜೆಫ್ ಕ್ಯಾಪ್ಲನ್ ಅಂತೂ 2009ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಒಂದು ಕ್ವೆಸ್ಟ್‌ನ ಬರಹಕ್ಕೆ ತಾವು ಹಾಕಿಕೊಂಡ ಮಿತಿ 511 ಅಕ್ಷರ ಎಂದರು. ಆಟದ ಅತಿ ಕೆಟ್ಟ ಕ್ವೆಸ್ಟ್ ಎಂದು ಅವರೇ ಎತ್ತಿಹೇಳಿದ್ದು ಸ್ವರಚಿತ ‘ಗ್ರೀನ್ ಹಿಲ್ಸ್ ಆಫ್ ಸ್ಟ್ರಾಂಗಲ್‌ಥಾರ್ನ್’ ಅನ್ನು. ಅದರಲ್ಲಿ ಅರ್ನೆಸ್ಟ್ ಹೆಮಿಂಗ್‌ವೇ ಹೆಸರಿನ ಅಕ್ಷರಗಳನ್ನೇ ಕದಡಿ ಹೆಸರಿಟ್ಟುಕೊಂಡ ಹೆಮೆಟ್ ನೆಸಿಂಗ್‌ವೆರಿ ಎಂಬ ಬೇಟೆಗಾರನ ಹಸ್ತಪ್ರತಿ ಕಾಡುಪಾಲಾಗಿರುತ್ತದೆ. ಕಾಡಿನ ಜೀವಿಗಳನ್ನು ಕೊಂದಂತೆ ಅವುಗಳಿಂದ ಬಿಡಿ ಹಾಳೆಗಳು ಉದುರುತ್ತವೆ; ಒಂದೊಂದು ಹಾಳೆಯೂ ಚೀಲದ ಒಂದೊಂದು ಖಾನೆ ತಿನ್ನುತ್ತದೆ. ಆಟಗಾರರು ಸಂಪುಟಗಟ್ಟಲೆ ಸಾಹಿತ್ಯ ಸಂಗ್ರಹಿಸಿದರು, ಹರಾಜುಕಟ್ಟೆಯಲ್ಲಿ ಮಾರಿದರು, ಕೊಂಡರು, ಬೈದರು. ಓದುವುದೊಂದನ್ನು ಬಿಟ್ಟು ಗ್ರಂಥಕ್ಕೆ ಸಲ್ಲಬೇಕಾದ ಸಕಲ ಉಪಚಾರವೂ ಸಂದಿತು.

ಮೂರು, ಅನುಮಾನ. ವಾರ್‌ಕ್ರಾಫ್ಟ್‌ನ ಬ್ಯಾರೆನ್ಸ್ ಎಂಬ ಬಯಲಲ್ಲಿ ಒಬ್ಬಾಕೆ ಝೆವ್ರಾ ಎಂಬ ಪಟ್ಟೆಮೃಗದ ನಾಲ್ಕು ಗೊರಸು ಕೇಳುತ್ತಾಳೆ. ಝೆವ್ರಾಕ್ಕೆ ಕಾಲು ನಾಲ್ಕು. ಒಂದನ್ನು ಕೊಂದರೆ ಲೆಕ್ಕ ಚುಕ್ತಾ ಆಗಬೇಕು. ಆದರೆ ಸಾಲಾಗಿ ಎರಡು ಮೂರು ಕೆಡವಿದರೂ ಗೊರಸೇ ಸಿಗದಿರುವುದುಂಟು. ಸತ್ತ ಮೃಗ ಮಾತ್ರ ನಾಲ್ಕು ಕಾಲೂ ಚಾಚಿಕೊಂಡು ಕಣ್ಣೆದುರೇ ಬಿದ್ದಿರುತ್ತದೆ. ಆದ್ದರಿಂದ ಇಲ್ಲಿ ಗೊರಸೆಂದರೆ ಬರೀ ಅಂಕಿ, ಕಥೆಯೆಂದರೆ ಆ ಅಂಕಿಗೆ ಹೊದಿಸಿದ ಚರ್ಮ ಎಂದು ಊಹಿಸಲಾಗುತ್ತದೆ.

ಇವರ ಜೊತೆಗೆ ‘ಈವ್ ಆನ್‌ಲೈನ್’ ಮತಸ್ಥರು ಬೇರೊಂದು ವಾದ ಹೂಡುತ್ತಾರೆ: ಕಥೆ ಬೇಕು, ಕಥೆಗಾರ ಬೇಡ. ಆ ಆಟದಲ್ಲಿ 2014ರ ಜನವರಿಯಲ್ಲಿ ಬಿ-ಆರ್‌5ಆರ್‌ಬಿ ಎಂಬ ನಕ್ಷತ್ರಮಂಡಲದ ಒಡೆತನದ ಶುಲ್ಕ ಸಕಾಲಕ್ಕೆ ಪಾವತಿಯಾಗದೆ, ಸಾವಿರಾರು ಜನ ಇಪ್ಪತ್ತು ಗಂಟೆ ಮೀರಿ ಕಾದಾಡಿದರು. ನಾಶವಾದ ಹಡಗುಗಳ ಬೆಲೆ ಮೂರು ಲಕ್ಷ ಡಾಲರಿಗೂ ಹೆಚ್ಚೆಂದು ಅಂದಾಜಾಯಿತು. ಇದಕ್ಕೆ ಯಾವ ಕ್ವೆಸ್ಟ್‌ದಾತ ವೀಳ್ಯ ಕೊಟ್ಟಿದ್ದ? ಬಾಡಿಗೆ ಬಾಕಿಯೊಂದೇ ಸಾಕಾಯಿತಲ್ಲ?

ಸಿದ್ಧಾಂತ

ಹೀಗೆ ಪ್ರಾಪ್ತವಾಗಲು ಹೇಳುತ್ತೇವೆ. ಈವ್ ಮತಸ್ಥರದು ಸ್ವಪಕ್ಷಘಾತ. ಬಾಡಿಗೆ ಬಾಕಿ ಎಲ್ಲ ಊರಲ್ಲೂ ಉಂಟು. ಅದು ಮಹಾಯುದ್ಧವೆಂದು ನೆನಪಿನಲ್ಲಿ ಉಳಿದದ್ದು ಹೇಳುವವರು ಇದ್ದುದರಿಂದ. ಕಥೆಗಾರ ಬೇಡವೆಂದು ಸಾಧಿಸಲು ಅವರು ಕೂತು ಕಥೆಯನ್ನೇ ಹೇಳುತ್ತಿದ್ದಾರೆ.

ಇನ್ನು ಮೊದಲ ಮೂರು ಪ್ರಮಾಣಗಳಿಗೆ ಉತ್ತರ. ಅದೇ ಬ್ಯಾರೆನ್ಸ್ ಬಯಲಲ್ಲಿ ಮ್ಯಾಂಕ್ರಿಕ್ ಎಂಬ ಓರ್ಕ್ ಇದ್ದಾನೆ. ಹಂದಿಮೊಗದ ಶತ್ರುಗಳ ಜೊತೆಗಿನ ಕಾಳಗದಲ್ಲಿ ಹೆಂಡತಿ ಕಾಣೆಯಾಗಿದ್ದಾಳೆ, ಹುಡುಕಿಕೊಡಿ ಎನ್ನುತ್ತಾನೆ. ಹೋದವನಿಗೆ ಸಿಗುವುದು ಹೆಸರೂ ಇಲ್ಲದ ಒಂದು ಶವ. ವಿಧಿ ಇಷ್ಟೇ: ಹೋಗು, ನೋಡು, ಬಂದು ತಿಳಿಸು. ಗೊರಸಿನಷ್ಟೂ ಲಾಭವಿಲ್ಲದ ಈ ಕೆಲಸಕ್ಕಾಗಿ ವರ್ಷಗಟ್ಟಲೆ ಆ ಬಯಲಿನ ಚಾಟ್‌ನಲ್ಲಿ ‘ಮ್ಯಾಂಕ್ರಿಕ್ ಹೆಂಡ್ತಿ ಎಲ್ಲಿ?’ ಎಂಬ ಪ್ರಶ್ನೆ ಮೊಳಗಿತು. ಕೇಳಿದವರಲ್ಲಿ ಬಹುಪಾಲು ಜನ ಕ್ವೆಸ್ಟ್ ಓದಿಲ್ಲದವರೇ ಇರಬಹುದು. ಆದರೂ ಎಲ್ಲರಿಗೂ ನೆನಪಿರುವುದು ಹೆಂಡತಿ. ಝೆವ್ರಾದ ಗೊರಸು ನೆನಪಾಗುವುದು ನಗುವುದಕ್ಕೆ ಮಾತ್ರ.

ಓದದ ಕಥೆ ಹೇಗೆ ಕೆಲಸ ಮಾಡುತ್ತದೆ? ದೃಷ್ಟಾಂತ: ಸತ್ಯನಾರಾಯಣ ಪೂಜೆ. ಪುರೋಹಿತರು ಕಥೆ ಓದುವಾಗ ಗಂಡಸರು ಜಗಲಿಯಲ್ಲಿ ಸೈಟಿನ ರೇಟು ಮಾತಾಡುತ್ತಿರುತ್ತಾರೆ, ಮಕ್ಕಳ ಮೂಗು ಸಪಾದಭಕ್ಷ್ಯದ ಕಡೆಗಿರುತ್ತದೆ. ಹಾಗೆಂದು ‘ಕಥೆ ಬಿಡಿ, ಪ್ರಸಾದ ಬಡಿಸಿ’ ಎಂದು ಯಾವನಾದರೂ ಹೇಳಲಿ ನೋಡೋಣ! ಕಥೆ ಇಲ್ಲದಿದ್ದರೆ ಅದು ಬರೀ ರವೆ, ಸಕ್ಕರೆ, ತುಪ್ಪ. ಕೇಳಿಸಿಕೊಳ್ಳದೆ ಬಿಡುವ ಸ್ವಾತಂತ್ರ್ಯ ಬೇಕೆಂದರೂ ಒಳಗೆ ಒಬ್ಬರು ಓದುತ್ತಿರಲೇಬೇಕು. ಜೈಮಿನಿಯ ತೀರ್ಪೂ ಇದೇ: ಅರ್ಥವಾದ ತಾನಾಗಿ ಏನನ್ನೂ ವಿಧಿಸದು, ಆದರೆ ವಿಧಿಯೊಡನೆ ಏಕವಾಕ್ಯವಾಗಿ ಕರ್ಮವನ್ನು ಹೊಗಳಿ ಕರ್ತೃವನ್ನು ಎಬ್ಬಿಸುತ್ತದೆ. ತಿಂಗಳಿಗೆ ಸುಮಾರು 15 ಡಾಲರ್ ತೆತ್ತು ಇಲಿ ಕೊಲ್ಲುವ ಕೂಲಿಗೆ ಬರುವವನಿಗೆ ‘ನೀನು ಕೂಲಿಯಲ್ಲ, ಲೋಕೋದ್ಧಾರಕ’ ಎಂದು ಯಾರಾದರೂ ಹೇಳಬೇಡವೇ?

ಸಂಗತಿ

ಸಿದ್ಧಾಂತವು ವ್ಯವಹಾರಕ್ಕೆ ಹೊಂದುತ್ತದೆಯೇ? ಹೊಂದುತ್ತದೆ. 2010ರಲ್ಲಿ ಬಂದ ‘ಫೈನಲ್ ಫ್ಯಾಂಟಸಿ 14’ ನೆಲಕಚ್ಚಿತು. ಕಂಪನಿಯವರು 2012ರ ನವೆಂಬರಿನಲ್ಲಿ ಸರ್ವರ್ ಮುಚ್ಚುವಾಗ ಸುಮ್ಮನೆ ಸ್ವಿಚ್ ಆರಿಸಲಿಲ್ಲ. ಆಕಾಶದಿಂದ ಒಂದು ಚಂದ್ರನನ್ನೇ ಕೆಡವಿ ಆ ಲೋಕವನ್ನು ಸುಟ್ಟರು. 2013ರಲ್ಲಿ ನವೋಕಿ ಯೋಶಿದಾ ಅವರ ನಿರ್ದೇಶನದಲ್ಲಿ ಅದೇ ಲೋಕ ‘ಎ ರೆಲ್ಮ್ ರಿಬಾರ್ನ್’ ಎಂದು ಮತ್ತೆ ಎದ್ದಿತು. ಹೀಗೆ ವ್ಯಾಪಾರದ ನಷ್ಟವು ಪುರಾಣಕ್ಕೆ ಜಮಾ ಆಯಿತು. ಆ ಆಟದಲ್ಲಿ ಮುಖ್ಯ ಕಥೆ ಮುಗಿಸದೆ ಮುಂದಿನ ನಾಡಿಗೆ ಬಾಗಿಲು ತೆರೆಯದು. ಅಷ್ಟು ತಾಳ್ಮೆ ಇಲ್ಲದವರಿಗೆ ಕಥೆ ದಾಟಿಸುವ ಮದ್ದನ್ನು ಅದೇ ಕಂಪನಿ ಪ್ರತ್ಯೇಕ ದುಡ್ಡಿಗೆ ಮಾರುತ್ತದೆ. ಕಥೆ ವ್ಯರ್ಥವಾಗಿದ್ದರೆ ಅದನ್ನು ತಪ್ಪಿಸಿಕೊಳ್ಳಲು ಯಾರು ಕಾಸು ಬಿಚ್ಚುತ್ತಿದ್ದರು? ಪೂರ್ವಪಕ್ಷಿಗಳು ಇದಕ್ಕೆ ಉತ್ತರ ಕೊಡುವ ಮುನ್ನ ತಮ್ಮ ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟ್ ನೋಡಿಕೊಳ್ಳುವುದು ಕ್ಷೇಮ.

ಫಲಶ್ರುತಿ

ಈ ಅಧಿಕರಣವನ್ನು ಆದ್ಯಂತ ಓದಿದವನಿಗೆ ಎಂಟುನೂರೈವತ್ತು ಎಕ್ಸ್‌ಪಿ, ಒಂದು ಹಸಿರು ಬಣ್ಣದ ಬೆಲ್ಟ್ ಪ್ರಾಪ್ತವಾಗುವುದು. ಮಧ್ಯದ್ದನ್ನು ಹಾರಿಸಿ ನೇರ ಇಲ್ಲಿಗೆ ಬಂದವನಿಗೂ ಅಷ್ಟೇ ಎಕ್ಸ್‌ಪಿ, ಅದೇ ಬೆಲ್ಟ್. ಓದಿದವರು ಇದರಿಂದ ಮುನಿಯಬಾರದು. ಆ ಬೆಲ್ಟ್ ಹೇಗಿದ್ದರೂ ಅವರ ಲೆವೆಲ್‌ಗೆ ಸಾಲುವುದಿಲ್ಲ.