ಕೀಲಿಮಣೆಗೆ ಬಂದ ಅತಿಥಿ: ಬಳಕೆದಾರರ ಕೈಪಿಡಿ, ಕೋಡಂಬಾಕ್ಕಂ ಆವೃತ್ತಿ

ಮೊದಲು ಇದನ್ನು ಓದಿ

ಕೈಪಿಡಿ ಓದದೆಯೇ ಮಿಕ್ಸಿ ಓಡಿಸಿದವರು ನಾವು. ಅದು ಕೆಟ್ಟ ಮೇಲೆ ಅಟ್ಟದಿಂದ ಕೈಪಿಡಿ ಇಳಿಸಿ, ಇಂಗ್ಲಿಷು, ಹಿಂದಿ, ಅರಬ್ಬಿ ಎಲ್ಲ ಇದ್ದು ಕನ್ನಡ ಮಾತ್ರ ಇಲ್ಲವೆಂದು ಬೈದು, ಮತ್ತೆ ಅಟ್ಟಕ್ಕೇ ಸೇರಿಸಿದವರೂ ನಾವೇ. ಆ ದೂರು ಬಾರದಿರಲೆಂದು ಇದನ್ನು ಕನ್ನಡದಲ್ಲೇ ಬರೆದಿದೆ.

ಚೆನ್ನೈಯ ಕೋಡಂಬಾಕ್ಕಂನ ಬಾಡಿಗೆ ಮನೆಯಲ್ಲಿ ಕೂತು, ಕಂಪ್ಯೂಟರಿನಲ್ಲಿ ಕನ್ನಡ ಕುಟ್ಟಿ ಹೊಟ್ಟೆ ಹೊರೆಯುವವರಿಗಾಗಿ ಈ ಆವೃತ್ತಿ. ಒಂದು ಕಾಲಕ್ಕೆ ಕನ್ನಡ ಸಿನಿಮಾ ಎಂದರೆ ಈ ಸುತ್ತಮುತ್ತಲಿನ ಸ್ಟುಡಿಯೋಗಳೇ. 2015ರಲ್ಲಿ ಸ್ಪರ್ಧಾ ಆಯೋಗದ ತೀರ್ಪು ಬಂದು, ಅಲ್ಲಿಯವರೆಗೆ ಅಡ್ಡಿಯಿದ್ದ ಕನ್ನಡ ಡಬ್ಬಿಂಗಿಗೆ ದಾರಿಯಾದ ಮೇಲೆ, ತಮಿಳು ನಾಯಕನ ತುಟಿಗೆ ಕನ್ನಡ ಹೊಂದಿಸುವ ನನ್ನಂಥವರಿಗೂ ಇಲ್ಲೊಂದಿಷ್ಟು ಕೂಲಿ ಸಿಗುತ್ತಿದೆ. ಉಳಿದವರು ಸ್ವಂತ ಹೊಣೆಯ ಮೇಲೆ ಈ ಕೈಪಿಡಿ ಬಳಸಬಹುದು.

ಉಪಕರಣದ ಪರಿಚಯ

ನೀವು ಒತ್ತಿದ ಪ್ರತಿ ಕೀಲಿಯನ್ನೂ ಒತ್ತಿದ ಕ್ರಮದಲ್ಲೇ ಬರೆದಿಟ್ಟುಕೊಂಡು, ಸದ್ದಿಲ್ಲದೆ ತನ್ನ ಯಜಮಾನನಿಗೆ ರವಾನಿಸುವ ತಂತ್ರಾಂಶಕ್ಕೆ ಕೀಲಾಗರ್ ಎನ್ನುತ್ತಾರೆ. ಕೋಡಂಬಾಕ್ಕಂಗೆ ಇದು ಹೊಸ ಜೀವಿಯಲ್ಲ. ಕಥೆ ಡಿಸ್ಕಷನ್ ನಡೆಯುವ ರೂಮಿಗೆ ಟೀ ತಂದು, ಗ್ಲಾಸು ಇಟ್ಟ ಮೇಲೂ ಎರಡು ನಿಮಿಷ ಬಾಗಿಲಲ್ಲೇ ನಿಲ್ಲುತ್ತಿದ್ದ ಹುಡುಗ ಇದರ ಹಳೆಯ ಮಾಡೆಲ್. ಅವನು ಕದ್ದರೆ ಒಂದು ಕ್ಲೈಮ್ಯಾಕ್ಸ್ ಕದಿಯುತ್ತಿದ್ದ. ಹೊಸ ಮಾಡೆಲ್ ಕ್ಲೈಮ್ಯಾಕ್ಸಿನ ಜೊತೆಗೆ ಬ್ಯಾಂಕಿನ ಪಾಸ್‌ವರ್ಡನ್ನೂ ಒಯ್ಯುತ್ತದೆ.

ವಿದೇಶಿ ಮಾಡೆಲ್ ಇನ್ನೂ ಸೊಗಸು. ಮಾಸ್ಕೋದ ಅಮೆರಿಕನ್ ರಾಯಭಾರ ಕಚೇರಿಯಲ್ಲಿದ್ದ ಐಬಿಎಂ ಸೆಲೆಕ್ಟ್ರಿಕ್ ಟೈಪ್‌ರೈಟರುಗಳನ್ನು 1984ರಲ್ಲಿ ಎಕ್ಸ್‌ರೇ ಹಿಡಿದು ನೋಡಿದಾಗ, ಒಳಗಿನ ಲೋಹದ ಪಟ್ಟಿಯೊಂದರಲ್ಲಿ ಸೋವಿಯೆತ್ ಬೇಹುಗಾರರು ಅಡಗಿಸಿಟ್ಟ ಯಂತ್ರ ಸಿಕ್ಕಿತು. ಅಕ್ಷರ ಮೂಡಿಸುವ ಗುಂಡು ಎತ್ತ ತಿರುಗಿತೆಂಬುದನ್ನು ಅಯಸ್ಕಾಂತದ ಏರುಪೇರಿನಿಂದ ಅಳೆದು, ರೇಡಿಯೋ ಮೂಲಕ ಹೊರಗೆ ಕಳಿಸುತ್ತಿತ್ತು. ಲೆನಿನ್‌ಗ್ರಾಡಿನ ಕಚೇರಿಯದೂ ಸೇರಿ ಇಂಥವು ಒಟ್ಟು 16. ಕಾಗದವನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಕಾಯುತ್ತಿದ್ದ ಪಹರೆಯವರಿಗೆ, ಕಾಗದಕ್ಕೆ ಬೀಳುವ ಮೊದಲೇ ಅಕ್ಷರ ಓಡಿಹೋಗುತ್ತಿರುವುದು ಹೊಳೆದಿರಲಿಲ್ಲ.

ಕೀಬೋರ್ಡಿಗೆ ಕೀಲಿಮಣೆ ಎಂದು ಹೆಸರಿಟ್ಟ ಪುಣ್ಯಾತ್ಮರಿಗೆ ಇದೆಲ್ಲ ಮೊದಲೇ ಗೊತ್ತಿತ್ತೇನೋ. ಬೀಗದ ಕೀಲಿ, ಬಂದವರಿಗೆ ಹಾಕುವ ಮಣೆ, ಎರಡನ್ನೂ ಒಂದೇ ಪದದಲ್ಲಿ ಇಟ್ಟುಬಿಟ್ಟಿದ್ದಾರೆ.

ಅಳವಡಿಸುವ ವಿಧಾನ

ಕೀಲಾಗರ್ ಅಳವಡಿಸಿಕೊಳ್ಳಲು ನೀವು ಕಷ್ಟಪಡಬೇಕಾದ್ದಿಲ್ಲ. ಕೋಡಂಬಾಕ್ಕಂನಲ್ಲಿ ಬರೆದು ಬದುಕುವ ಪ್ರತಿಯೊಬ್ಬನಿಗೂ ಯಾರಿಂದಲೋ ದುಡ್ಡು ಬರಬೇಕಿರುತ್ತದೆ. ಆದ್ದರಿಂದ ‘ಬ್ಯಾಲೆನ್ಸ್ ಪೇಮೆಂಟ್ ವಿವರ’ ಎಂಬ ಹೆಸರಿನ ಲಗತ್ತು ಮೇಲ್‌ನಲ್ಲಿ ಬಂದರೆ, ಕಳಿಸಿದವನು ಯಾರೆಂದು ನೋಡುವ ಮೊದಲೇ ಬೆರಳು ಅದನ್ನು ತೆರೆದಿರುತ್ತದೆ. 2014ರಿಂದ ಜಗತ್ತಿನ ಮೇಲ್ ಪೆಟ್ಟಿಗೆಗಳಲ್ಲಿ ಅಲೆಯುತ್ತಿರುವ ಏಜೆಂಟ್ ಟೆಸ್ಲಾ ಎಂಬ ಕಳ್ಳ ತಂತ್ರಾಂಶ ಹೆಚ್ಚಾಗಿ ಬಿಲ್ಲು, ಕೊಟೇಶನ್ನು, ಪಾವತಿ ರಸೀದಿಯ ವೇಷದಲ್ಲೇ ಬರುತ್ತದೆ. ಕೀಲಿಯ ಒತ್ತು ಬರೆದುಕೊಳ್ಳುತ್ತದೆ, ಪರದೆಯ ಫೋಟೋ ತೆಗೆಯುತ್ತದೆ, ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನು ಬಾಚಿಕೊಂಡು ಮೇಲ್‌ನಲ್ಲೋ ಟೆಲಿಗ್ರಾಂನಲ್ಲೋ ಕಳಿಸುತ್ತದೆ. ನಿರ್ಮಾಪಕರ ಬಾಕಿಗಾಗಿ ಕಾದು ಕೂತ ಲೇಖಕನಷ್ಟು ಸುಲಭದ ಬೇಟೆ ಇನ್ನೊಂದಿಲ್ಲ.

ಎರಡನೆಯ ದಾರಿ ನನ್ನದು. ಕಂಪ್ಯೂಟರ್ ನಿಧಾನವಾಯಿತೆಂದು ಪವರ್ ಹೌಸ್ ಬಸ್ ಸ್ಟಾಪಿನ ಆಚೆಯ ಅಂಗಡಿಯೊಂದಕ್ಕೆ ಒಯ್ದೆ. ಅಲ್ಲಿಯ ತಂಬಿ ಒಳ್ಳೆಯ ಹುಡುಗ. ಹೊಸ ವಿಂಡೋಸ್, ಹೊಸ ಆಫೀಸ್, ಎಡಿಟಿಂಗ್ ಸಾಫ್ಟ್‌ವೇರ್, ಕನ್ನಡದ ಫಾಂಟ್ ಕಟ್ಟು ಎಲ್ಲ ಪೆನ್‌ಡ್ರೈವಿನಿಂದ ಸುರಿದು, ‘ಎಲ್ಲಾಮೇ ಫ್ರೀ ಸಾರ್’ ಎಂದ. ಒಂದು ಸಣ್ಣ ಕೆಲಸ ಮಾತ್ರ ನನಗೆ ಬಿಟ್ಟ: ‘ಆಂಟಿವೈರಸ್ ಕೊಂಜಂ ಆಫ್ ಪಣ್ಣುಂಗ ಸಾರ್.’ ನಾಯಿಯನ್ನು ಕಟ್ಟಿಹಾಕಿ ಬಾಗಿಲು ತೆರೆದಿಡಿ ಎಂದಂತೆ. ನಾನು ವಿಧೇಯನಾಗಿ ಆಫ್ ಮಾಡಿದೆ.

ಮಿಕ್ಸಿ, ಗ್ರೈಂಡರ್, ಫ್ಯಾನು, ಲ್ಯಾಪ್‌ಟಾಪು ಎಲ್ಲವನ್ನೂ ಸರ್ಕಾರವೇ ಪುಕ್ಕಟೆ ಹಂಚಿದ ಊರು ಇದು. ಇಲ್ಲಿ ಫ್ರೀ ಎಂಬ ಮಾತನ್ನು ಅನುಮಾನಿಸುವ ಅಭ್ಯಾಸ ತಪ್ಪಿಹೋಗುತ್ತದೆ.

ಕನ್ನಡಿಗರಿಗೆ ವಿಶೇಷ ಸೂಚನೆ

ಕೀಲಾಗರ್ ಬಂದರೇನಂತೆ, ನಾನು ಬರೆಯುವುದು ಕನ್ನಡದಲ್ಲಿ, ಕದ್ದವನಿಗೆ ಏನು ತಿಳಿದೀತು ಎಂಬ ಧೈರ್ಯ ಕೆಲವರಿಗಿದೆ. ನನಗೂ ಇತ್ತು. ಅದನ್ನು ಪರೀಕ್ಷಿಸೋಣ.

ಕೀಲಾಗರ್ ದಾಖಲಿಸುವುದು ಅಕ್ಷರವನ್ನಲ್ಲ, ಒತ್ತಿದ ಗುಂಡಿಯನ್ನು. ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆಯಲ್ಲಿ ನೀವು ‘ನಮಸ್ಕಾರ’ ಎಂದು ಕುಟ್ಟಿದರೆ ಕಳ್ಳನ ಪಟ್ಟಿಯಲ್ಲಿ ಬೀಳುವುದು ಎನ್, ಎಂ, ಎಸ್, ಎಫ್, ಕೆ, ಶಿಫ್ಟ್ ಎ, ಆರ್. ಖಳನಾಯಕನ ‘ಮುಚ್ಚು ಬಾಯಿ’ ಅಲ್ಲಿ ಎಂ, ಯು, ಸಿ, ಎಫ್, ಸಿ, ಯು, ಬಿ, ಶಿಫ್ಟ್ ಎ, ವೈ, ಐ ಆಗುತ್ತದೆ. ಎಲ್ಲೋ ದೂರದ ದೇಶದಲ್ಲಿ ಕೂತ ಕಳ್ಳ ನನ್ನ ಎಂಬತ್ತು ಪುಟದ ಸಂಭಾಷಣೆಯನ್ನು ಹೀಗೆ ಓದಿ ತಲೆ ಕೆರೆದುಕೊಳ್ಳುವುದನ್ನು ನೆನೆದು ನಾನು ಒಂದು ಸಂಜೆ ಪೂರ್ತಿ ನಕ್ಕೆ. ಒತ್ತಕ್ಷರವೇ ನನ್ನ ಕಾವಲುಗಾರ ಎಂದುಕೊಂಡೆ.

ನಗು ನಿಂತದ್ದು ಮರುದಿನ. ಪಾಸ್‌ವರ್ಡ್ ಬರೆಯುವಾಗ ನಾವು ಕನ್ನಡವನ್ನು ಆಫ್ ಮಾಡಿ ಇಂಗ್ಲಿಷಿಗೆ ಬರುತ್ತೇವೆ. ಎಂಬತ್ತು ಪುಟ ಅರ್ಥವಾಗದ ಗುಂಡಿಗಳ ನಡುವೆ ‘ಬೇಡರಕಣ್ಣಪ್ಪ1954’ ಎಂಬುದು ಶುದ್ಧ ಇಂಗ್ಲಿಷ್ ಲಿಪಿಯಲ್ಲಿ, ಪಕ್ಕದಲ್ಲೇ ಬ್ಯಾಂಕಿನ ವಿಳಾಸದೊಂದಿಗೆ, ಭತ್ತದ ರಾಶಿಯಲ್ಲಿ ಮೂಗುತಿಯ ಹರಳಿನಂತೆ ಹೊಳೆಯುತ್ತಿರುತ್ತದೆ. ಕಳ್ಳನಿಗೆ ಕನ್ನಡ ಬಾರದಿರುವುದರಿಂದ ಅವನ ಕೆಲಸ ಸುಲಭವೇ ಆಯಿತು: ತನಗೆ ತಿಳಿಯದ್ದನ್ನೆಲ್ಲ ಬಿಟ್ಟು ತಿಳಿದದ್ದನ್ನು ಎತ್ತಿಕೊಂಡ. ಈ ಪಾಸ್‌ವರ್ಡ್ ನನ್ನದಲ್ಲ. ಈಗ ಅಲ್ಲ.

ಇನ್ನೂ ಒಂದು ಮಾತು, ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಬೇಕಾದ್ದು. ನುಡಿ, ಬರಹದಂಥ ತಂತ್ರಾಂಶಗಳು ‘ಕೆ’ ಗುಂಡಿಯನ್ನು ‘ಕ’ ಮಾಡುವುದು ಹೇಗೆ? ನೀವು ಒತ್ತಿದ್ದು ವರ್ಡ್‌ಗೆ ಮುಟ್ಟುವ ಮೊದಲು ನಡುದಾರಿಯಲ್ಲೇ ಹಿಡಿದು, ವೇಷ ಬದಲಿಸಿ ಮುಂದೆ ಕಳಿಸುತ್ತವೆ. ನಡುದಾರಿಯಲ್ಲಿ ನಿಲ್ಲಲು ವಿಂಡೋಸ್ ತಾನೇ ಕೊಕ್ಕೆಗಳನ್ನು ಇಟ್ಟಿದೆ. ಕೀಲಾಗರ್ ನೇತುಬೀಳುವುದೂ ಅಂಥದೇ ಕೊಕ್ಕೆಗೆ. ಕನ್ನಡ ಮೂಡಿಸುವವನಿಗೂ ಕನ್ನ ಕೊರೆಯುವವನಿಗೂ ಹಾಕಿದ ಮಣೆ ಒಂದೇ. ಹಾಗಾಗಿ ಕನ್ನಡ ತಂತ್ರಾಂಶವನ್ನು ಅದನ್ನು ಮಾಡಿದವರ ತಾಣದಿಂದಲೇ ಇಳಿಸಿಕೊಳ್ಳಿ. ತಂಬಿಯ ಪೆನ್‌ಡ್ರೈವಿನ ‘ಕನ್ನಡ ಕಟ್ಟು’ ನಮ್ಮ ಭಾಷಾಭಿಮಾನದ ಹೆಗಲ ಮೇಲೆ ಕೈ ಹಾಕಿಕೊಂಡೇ ಒಳಗೆ ಬರುತ್ತದೆ.

ನಿವಾರಣೆ: ಕಾಸು ಬಿಚ್ಚದೆ

ಮೊದಲನೆಯದು ಮನೆಯಲ್ಲೇ ಇದೆ. ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಎಂಬ ಆಂಟಿವೈರಸ್ ಪುಕ್ಕಟೆಯಾಗಿ ಸೇರಿಕೊಂಡೇ ಬರುತ್ತದೆ. ಅದರಲ್ಲಿ ಆಫ್‌ಲೈನ್ ಸ್ಕ್ಯಾನ್ ಎಂಬುದೊಂದಿದೆ. ಒತ್ತಿದರೆ ಕಂಪ್ಯೂಟರ್ ಮುಚ್ಚಿ ತೆರೆದು, ವಿಂಡೋಸ್ ಏಳುವ ಮೊದಲೇ, ಅಂದರೆ ಕಳ್ಳನೂ ಏಳುವ ಮೊದಲೇ, ಹುಡುಕುತ್ತದೆ. ಸುಮಾರು 15 ನಿಮಿಷ. ಆರ್ಕಾಟ್ ರಸ್ತೆಯ ಮೆಟ್ರೋ ಅಗೆತ ದಾಟಿ ಒಂದು ಫಿಲ್ಟರ್ ಕಾಫಿ ಕುಡಿದು ಬರಲು ಸಾಲದು, ಕುಡಿಯಲು ಸಾಕು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು.

ಎರಡನೆಯದು ಸರ್ಕಾರದ್ದು. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2017ರ ಫೆಬ್ರವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದಲ್ಲಿ ದುಷ್ಟ ತಂತ್ರಾಂಶ ತೆಗೆಯುವ ಸಲಕರಣೆಗಳು ಉಚಿತವಾಗಿ ಸಿಗುತ್ತವೆ. ಚೆನ್ನೈನದೇ ಆದ ಕೆ7 ಸೇರಿ ದೇಶದ ಆಂಟಿವೈರಸ್ ಕಂಪನಿಗಳು ಅವನ್ನು ಒದಗಿಸಿವೆ. ಮೈಕ್ರೋಸಾಫ್ಟಿನ ಆಟೋರನ್ಸ್ ಕೂಡ ಉಚಿತ. ಕಂಪ್ಯೂಟರ್ ತೆರೆದೊಡನೆ ಯಾರು ಯಾರು ಏಳುತ್ತಾರೆಂದು ಪಟ್ಟಿ ಕೊಡುತ್ತದೆ. ನನ್ನ ಪಟ್ಟಿ ಮದುವೆ ಆಮಂತ್ರಣದ ‘ಸುಖಾಗಮನ ಬಯಸುವವರು’ ಪಟ್ಟಿಗಿಂತ ಉದ್ದವಿತ್ತು.

ಕೀಸ್ಕ್ರ್ಯಾಂಬ್ಲರ್ ಎಂಬುದರ ಉಚಿತ ಆವೃತ್ತಿ ಬ್ರೌಸರಿನಲ್ಲಿ ನೀವು ಕುಟ್ಟುವುದನ್ನು ಬುಡದಲ್ಲೇ ಗೂಢಲಿಪಿ ಮಾಡಿ, ಬ್ರೌಸರಿನೊಳಗೆ ಬಿಡಿಸಿ ಕೊಡುತ್ತದೆ. ನಡುವೆ ಕೂತವನಿಗೆ ಸಿಗುವುದು ಕಲಸುಮೇಲೋಗರ. ಒಳ್ಳೆಯದೇ. ಆದರೆ ಪರದೆಯ ಫೋಟೋ ತೆಗೆಯುವವನನ್ನು ಅದು ತಡೆಯದು.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಮೇಲು ಕೀಪಾಸ್. 2003ರಿಂದಲೂ ಉಚಿತ, ಮೂಲಸಂಕೇತವೂ ಬಯಲಲ್ಲೇ ಇದೆ. ಪಾಸ್‌ವರ್ಡುಗಳನ್ನು ಅದರಲ್ಲಿ ತುಂಬಿಟ್ಟರೆ ಅದೇ ಹೋಗಿ ಬರೆಯುತ್ತದೆ. ಅರ್ಧ ಕುಟ್ಟಿ, ಅರ್ಧ ಅಂಟಿಸಿ ಕಳ್ಳನ ದಾರಿ ತಪ್ಪಿಸುವ ಏರ್ಪಾಡೂ ಇದೆ. ನಾವು ಕುಟ್ಟುವುದು ಕಡಿಮೆಯಾದಷ್ಟೂ ಕದಿಯುವುದು ಕಡಿಮೆ. ಅದರ ಮುಖ್ಯ ಪಾಸ್‌ವರ್ಡ್ ಒಂದನ್ನಂತೂ ನೆನಪಿಡಲೇಬೇಕು. ಅದನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸುವವರಿಗೆ ಈ ಕೈಪಿಡಿಯಲ್ಲಿ ಪರಿಹಾರವಿಲ್ಲ.

ವಿಂಡೋಸನ್ನೇ ಬಿಡುವ ಧೈರ್ಯವಿದ್ದರೆ ಸರ್ಕಾರಿ ಸಂಸ್ಥೆ ಸಿ-ಡ್ಯಾಕ್‌ನವರು ಚೆನ್ನೈಯಲ್ಲೇ ರೂಪಿಸಿದ ಬಾಸ್ ಲಿನಕ್ಸ್ ಇದೆ. ಲಿನಕ್ಸಿಗೆ ಕೀಲಾಗರ್ ಅಂಟದು ಎಂಬುದು ಮಾತ್ರ ಭಕ್ತರ ಮಾತು. ಅದರ ಹಳೆಯ ಎಕ್ಸ್11 ವ್ಯವಸ್ಥೆಯಲ್ಲಿ ಒಂದು ಕಿಟಕಿಯಲ್ಲಿ ಕುಟ್ಟಿದ್ದನ್ನು ಇನ್ನೊಂದು ಕಿಟಕಿಯವನು ನೋಡಬಹುದಿತ್ತು. ವೇಲ್ಯಾಂಡ್ ಬಂದ ಮೇಲೆ ಆ ಕಿಂಡಿ ಮುಚ್ಚಿತು.

ಮಾಡಬಾರದ್ದು

‘ಆಂಟಿ ಕೀಲಾಗರ್ ಫ್ರೀ’ ಎಂದು ಹುಡುಕಿ, ಮೊದಲು ಮಿನುಗಿದ ಗುಂಡಿಯನ್ನು ಒತ್ತಬೇಡಿ. ಬೇಲಿಯೇ ಎದ್ದು ಹೊಲ ಮೇಯುವುದು ಈ ದಂಧೆಯಲ್ಲಿ ಗಾದೆಯಲ್ಲ, ವರದಿ. 2017ರಲ್ಲಿ ಕೆಲವು ಎಚ್‌ಪಿ ಲ್ಯಾಪ್‌ಟಾಪುಗಳ ಧ್ವನಿಯ ಡ್ರೈವರ್ ತಂತ್ರಾಂಶವೇ ಎಲ್ಲ ಕೀಲಿ ಒತ್ತನ್ನೂ ಒಂದು ಕಡತದಲ್ಲಿ ಬರೆದಿಡುತ್ತಿದ್ದುದನ್ನು ಸ್ವಿಸ್ ತಜ್ಞರು ಪತ್ತೆಮಾಡಿದರು. ಕಂಪನಿ ತಿದ್ದುಪಡಿ ಹೊರಡಿಸಿತು.

ವಿಂಡೋಸಿನ ಪರದೆ ಕೀಲಿಮಣೆಯಲ್ಲಿ ಮೌಸ್ ಒತ್ತಿ ಪಾಸ್‌ವರ್ಡ್ ಬರೆದು ಬೀಗಬೇಡಿ. ಹಿತ್ತಿಲಿನಿಂದ ಹೊರಟರೂ ಅದು ಸೇರುವುದು ಅದೇ ಪಡಸಾಲೆಯನ್ನು. ಬ್ಯಾಂಕುಗಳು ತಮ್ಮ ಪುಟದಲ್ಲೇ ಕೊಡುವ ಗುಂಡಿಮಣೆ ಅದಕ್ಕಿಂತ ವಾಸಿ, ಒತ್ತಿದಾಗಲೆಲ್ಲ ಫೋಟೋ ತೆಗೆಯುವ ಕಳ್ಳ ಇಲ್ಲದಿದ್ದರೆ.

ಬ್ರೌಸಿಂಗ್ ಸೆಂಟರಿನಲ್ಲಿ

ಪಿಎಫ್ ಅರ್ಜಿಗೋ ಟಿಕೆಟ್ಟಿಗೋ ಇಲ್ಲಿಗೆ ಹೋಗದೆ ವಿಧಿಯಿಲ್ಲದಿದ್ದರೆ, ಕೂರುವ ಮೊದಲು ಬಗ್ಗಿ ಸಿಪಿಯು ಹಿಂಭಾಗ ನೋಡಿ. ಕೀಬೋರ್ಡಿನ ವಯರು ಸಿಕ್ಕಿಸುವ ಜಾಗದಲ್ಲಿ ಹೆಬ್ಬೆರಳಿನ ತುದಿಯಷ್ಟು ಕೊಂಡಿಯೊಂದು ಅನವಶ್ಯಕವಾಗಿ ನಡುವೆ ಕೂತಿದ್ದರೆ ಅದು ಯಂತ್ರರೂಪದ ಕೀಲಾಗರ್ ಇರಬಹುದು. ಜಗತ್ತಿನ ಯಾವ ಉಚಿತ ತಂತ್ರಾಂಶವೂ ಅದನ್ನು ಕಾಣದು. ಬಗ್ಗುವ ಸೊಂಟ ಮಾತ್ರ ಕಂಡೀತು. 2011ರ ಸೈಬರ್ ಕೆಫೆ ನಿಯಮದಂತೆ ಗುರುತಿನ ಚೀಟಿ ತೋರಿಸಿ, ಪುಸ್ತಕದಲ್ಲಿ ಹೆಸರು ಬರೆಸಿಯೇ ಕೂರಬೇಕು. ನೀವು ಯಾರೆಂದು ಅಂಗಡಿಗೆ ಗೊತ್ತಿರುತ್ತದೆ, ಕಂಪ್ಯೂಟರಿನಲ್ಲಿ ಯಾರಿದ್ದಾರೆಂದು ನಿಮಗೆ ಗೊತ್ತಿರುವುದಿಲ್ಲ.

ಅಲ್ಲೂ ಒಂದು ಪುಕ್ಕಟೆ ಉಪಾಯವಿದೆ. ಮೈಕ್ರೋಸಾಫ್ಟ್ ಸಂಶೋಧಕರಾದ ಕಾರ್ಮಾಕ್ ಹರ್ಲಿ ಮತ್ತು ಡಿನೈ ಫ್ಲೊರೆನ್ಸಿಯೊ 2006ರಲ್ಲಿ ಹೇಳಿದ್ದು. ಪಾಸ್‌ವರ್ಡಿನ ಒಂದಕ್ಷರ ಬರೆದು, ಪುಟದ ಖಾಲಿ ಜಾಗದಲ್ಲಿ ಕ್ಲಿಕ್ ಮಾಡಿ ಬಾಯಿಗೆ ಬಂದದ್ದು ಕುಟ್ಟಿ, ಮತ್ತೆ ಹಿಂತಿರುಗಿ ಮುಂದಿನ ಅಕ್ಷರ ಬರೆಯುವುದು. ಖಾಲಿ ಜಾಗದಲ್ಲಿ ಕುಟ್ಟಿದ್ದು ಎಲ್ಲೂ ಮೂಡದು, ಕಳ್ಳನ ಪಟ್ಟಿಯಲ್ಲಿ ಮಾತ್ರ ತುಂಬುತ್ತದೆ. ನಾನು ಇದನ್ನು ಮಾಡುತ್ತಿದ್ದಾಗ ಪಕ್ಕದ ಕುರ್ಚಿಯ ಹಿರಿಯರು, ‘ಏನಪ್ಪಾ, ಕೈ ನಡುಗುತ್ತಾ?’ ಎಂದು ಅಚ್ಚ ಮೈಸೂರು ಕನ್ನಡದಲ್ಲಿ ವಿಚಾರಿಸಿದರು.

ಯಾವುದೂ ಬೇಡವೆನ್ನುವವರಿಗೆ ಒಂದು ಪರ್ಯಾಯ ಮಾಡೆಲ್: ಪೆನ್ನು. ಗಾಯಕ ಪಿ.ಬಿ. ಶ್ರೀನಿವಾಸ್ ಜೇಬಿನ ತುಂಬ ಬಣ್ಣಬಣ್ಣದ ಪೆನ್ನು ಸಿಕ್ಕಿಸಿಕೊಂಡು, 2008ರಲ್ಲಿ ಮುಚ್ಚುವವರೆಗೂ ವುಡ್‌ಲ್ಯಾಂಡ್ಸ್ ಡ್ರೈವ್-ಇನ್‌ನಲ್ಲಿ ಕೂತು ಬರೆಯುತ್ತಿದ್ದರು. ಅವರ ಒಂದಕ್ಷರವನ್ನೂ ಯಾವ ಕೀಲಾಗರ್ ಹಿಡಿಯಲಿಲ್ಲ. ಆದರೆ ಈಗ ಹಸ್ತಪ್ರತಿ ಕೊಟ್ಟರೆ ಡಬ್ಬಿಂಗ್ ಸ್ಟುಡಿಯೋದವರು ಅದರ ಫೋಟೋ ತೆಗೆದು ವಾಟ್ಸ್ಆ್ಯಪ್ ಮಾಡಿ ಎನ್ನುತ್ತಾರೆ.

ಕಳುವಾದ ಮೇಲೆ

ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಮೇಲೆ ಬ್ಯಾಂಕಿಗೆ, ಕೊನೆಗೆ ಮನೆಯವರಿಗೆ. ಇನ್ನೊಬ್ಬರ ಪಾಸ್‌ವರ್ಡ್ ಬಳಸಿ ಮೋಸ ಮಾಡಿದವನಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಮೂರು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ ಉಂಟು, ಸಿಕ್ಕಿದರೆ. ಪಾಸ್‌ವರ್ಡುಗಳನ್ನೆಲ್ಲ ಬದಲಿಸಿ, ಆದರೆ ಬೇರೆ ಯಂತ್ರದಿಂದ. ಅತಿಥಿ ಇನ್ನೂ ಮಣೆಯ ಮೇಲೆ ಕೂತಿರುವ ಕಂಪ್ಯೂಟರಿನಲ್ಲೇ ಹೊಸ ಪಾಸ್‌ವರ್ಡ್ ಕುಟ್ಟಬೇಡಿ. ನಾನು ಕುಟ್ಟಿದ್ದೆ, ಎರಡು ಸಲ.