ಮೋಡಿ ಲಿಪ್ಯಂತರ ಮೌಲ್ಯಮಾಪನ ಮೀಮಾಂಸೆ (ಬೇಡಕಿಹಾಳ ಶಾಖೆ)

ಮರಾಠಿಯ ಹಳೆಯ ಮೋಡಿ ಲಿಪಿಯ ಕಾಗದವನ್ನು ವಿದ್ಯಾರ್ಥಿಯೊಬ್ಬ ಓದಿ ಬರೆದರೆ ಅದಕ್ಕೆ ಅಂಕ ಹಾಕುವುದು ಹೇಗೆ? ಈ ಗಹನ ವಿಷಯದಲ್ಲಿ ಎರಡು ಮತಗಳಿವೆ. ನೂರು ಅಕ್ಷರಕ್ಕೆ ಎಷ್ಟು ತಪ್ಪು ಎಂದು ಎಣಿಸುವವರು ಅಕ್ಷರವಾದಿಗಳು. ಇವರು ವಿಶ್ವವಿದ್ಯಾಲಯಗಳಲ್ಲಿ ಸಿಗುತ್ತಾರೆ. ಒಂದು ತಪ್ಪಿಗೆ ಎಷ್ಟು ಗುಂಟೆ ಹೊಲ ಹೋಯಿತು ಎಂದು ಅಳೆಯುವವರು ಗುಂಟೆವಾದಿಗಳು. ಇವರು ಬೆಳಗಾವಿ ಜಿಲ್ಲೆಯ ಬೇಡಕಿಹಾಳದಲ್ಲಿ, ಭಾವಕಿಯ, ಅಂದರೆ ದಾಯಾದಿಗಳ, ತಕರಾರು ಇರುವ ಯಾವ ಮನೆಯಲ್ಲಾದರೂ ಸಿಗುತ್ತಾರೆ. 1956ರ ನವೆಂಬರ್ 1ರವರೆಗೆ ಮುಂಬೈ ರಾಜ್ಯದಲ್ಲಿದ್ದ ಸೀಮೆ ಇದು. ಇಲ್ಲಿ ಕನ್ನಡ ಮಾತಾಡುವ ಮನೆಯ ಟ್ರಂಕಿನಲ್ಲೂ ಮೋಡಿ ಕಾಗದ ಸಿಕ್ಕೀತು.

ಅಕ್ಷರವಾದವನ್ನು ಖಂಡಿಸಲು ಒಂದೇ ದೃಷ್ಟಾಂತ ಸಾಕು. 1773ರ ಆಗಸ್ಟ್ 30ರಂದು ಪುಣೆಯ ಶನಿವಾರವಾಡೆಯಲ್ಲಿ ಪೇಶ್ವೆ ನಾರಾಯಣರಾಯನ ಕೊಲೆಯಾಯಿತು. ಅವನ ಚಿಕ್ಕಪ್ಪ ರಘುನಾಥರಾಯನ ಚೀಟಿಯಲ್ಲಿ ‘ಧರಾವೆ’, ಹಿಡಿಯಿರಿ, ಎಂದಿದ್ದುದನ್ನು ರಘುನಾಥರಾಯನ ಹೆಂಡತಿ ಆನಂದಿಬಾಯಿ ‘ಮಾರಾವೆ’, ಕೊಲ್ಲಿರಿ, ಎಂದು ತಿದ್ದಿದಳೆಂಬ ಕಥೆ ಗಡಿಯ ಎರಡೂ ಕಡೆ ಬಾಯಿಪಾಠ. ದಂತಕಥೆಯೇ ಇರಲಿ, ಮೀಮಾಂಸೆಗೆ ಅದೂ ಪ್ರಮಾಣವೇ. ಅಕ್ಷರವಾದಿಯ ಲೆಕ್ಕದಲ್ಲಿ ಆಕೆಯದು ಒಂದೇ ಅಕ್ಷರದ ತಪ್ಪು. ಅರ್ಧ ಅಂಕ ಕಳೆದು ಡಿಸ್ಟಿಂಕ್ಷನ್ ಕೊಡಬೇಕಾಗುತ್ತದೆ. ರಘುನಾಥರಾಯನನ್ನು ತಪ್ಪಿತಸ್ಥನೆಂದ ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆ ಅಕ್ಷರ ಎಣಿಸುತ್ತ ಕೂರಲಿಲ್ಲ, ಹೆಣ ಬಿದ್ದದ್ದನ್ನು ನೋಡಿದ. ಆದ್ಯ ಗುಂಟೆವಾದಿ ಅವನೇ.

ಮೋಡಿ ಬರೆಯುವವನು ಮೊದಲು ಕಾಗದದ ಅಡ್ಡಕ್ಕೆ ಗೆರೆ ಎಳೆದು, ಆಮೇಲೆ ಆದಷ್ಟು ಲೇಖನಿ ಎತ್ತದೆ ಅಕ್ಷರಗಳನ್ನು ಅದಕ್ಕೆ ತೂಗುಹಾಕುತ್ತ ಹೋಗುತ್ತಿದ್ದ. ಪದಗಳ ನಡುವೆ ಜಾಗವಿಲ್ಲ. ಇಕಾರ ಉಕಾರಗಳಲ್ಲಿ ಹ್ರಸ್ವ-ದೀರ್ಘದ ಗೊಡವೆಯಿಲ್ಲ. ಆದ್ದರಿಂದ ದೀರ್ಘ ತಪ್ಪಿತೆಂದು ಅಂಕ ಕಳೆಯುವ ಪರೀಕ್ಷಕ ನಿಜವಾಗಿ ಕಳೆಯುತ್ತಿರುವುದು ಆ ಕಾಗದ ಬರೆದು ಎಂದೋ ತೀರಿಹೋದ ಊರ ಲೆಕ್ಕಿಗ ಕುಲಕರ್ಣಿಯ ಅಂಕ. ಅವನ ವತನವನ್ನೇ 1950ರ ಮುಂಬೈ ಕಾಯ್ದೆ ಕಳೆದಿದೆ. ಇನ್ನು ಕಳೆಯಲು ಏನು ಉಳಿದಿದೆ?

ಗೆರೆಗಳ ವಿಚಾರ ಗಂಭೀರ. ಹಳೆಯ ಲೆಕ್ಕದಲ್ಲಿ ಅಂಕಿಯ ಮುಂದಿನ ಒಂದು ಗೆರೆ ಕಾಲು, ಎರಡು ಅರ್ಧ, ಮೂರು ಮುಕ್ಕಾಲು. ‘೪॥’ ಅಂದರೆ ನಾಲ್ಕೂವರೆ. ಸಂಸ್ಕೃತದಲ್ಲಿ ನೂರಕ್ಕೆ ನೂರು ತಂದ ಜಾಣ ಇದನ್ನು ಶ್ಲೋಕದ ಕೊನೆ ಎಂದು ತಿಳಿದು ನಾಲ್ಕು ಎಂದಷ್ಟೇ ಬರೆಯುತ್ತಾನೆ. ರೂಪಾಯಿಯಾದರೆ ಎಂಟಾಣೆ ಹೋಯಿತು, ತಡೆದುಕೊಳ್ಳಬಹುದು. ಬಿಘೆಯಾದರೆ ಅರ್ಧ ಬಿಘೆ ಹೊಲವೇ ಹೋಯಿತು, ಅದೂ ನಿಂತ ಕಬ್ಬಿನ ಸಮೇತ.

ತೇದಿಯದೂ ಇದೇ ಪಾಡು. ಈ ಕಾಗದಗಳಲ್ಲಿ ಶುಹೂರ್ ಸನ್ ಎಂಬ ಕಾಲಗಣನೆಯ ವರ್ಷವನ್ನು ಅರಬ್ಬೀ ಸಂಖ್ಯೆಗಳ ಹೆಸರಿನಲ್ಲಿ ಬರೆಯುತ್ತಿದ್ದರು. ಅದಕ್ಕೆ 599 ಅಥವಾ 600 ಕೂಡಿಸಿದರೆ ನಮ್ಮ ಇಸವಿ. ಅದರಲ್ಲಿ ‘ಸಮಾನ್’ ಅಂದರೆ ಎಂಟು. ವಿದ್ಯಾರ್ಥಿ ಅದನ್ನು ಸಮಾನ ಪಾಲು ಎಂದು ಓದಿದರೆ ಕಿರಿಯ ತಮ್ಮನಿಗೆ ಹೋಳಿಗೆ ಊಟ, ಹಿರಿಯಣ್ಣನಿಗೆ ವಕೀಲರ ಖರ್ಚು.

ಹುಳ ತಿಂದ ಜಾಗದಲ್ಲಿ ‘ಓದಲಾಗಿಲ್ಲ’ ಎಂದು ಬರೆಯುವುದು ಶಾಸ್ತ್ರಸಮ್ಮತ. ನಮ್ಮ ಶಾಖೆಯ ಹಿರಿಯರು ಒಪ್ಪುವುದಿಲ್ಲ. “ತೂತ ಬಿದ್ದದ್ದು ನಮಗೂ ಕಾಣತೈತಿ ತಮ್ಮಾ, ತೂತಿನಾಗ ಏನಿತ್ತು ಅದನ್ನ ಹೇಳು” ಎನ್ನುವುದು ಅವರ ವಾದ. ಈ ಒಂದು ವಿಷಯದಲ್ಲಿ ಪ್ರಬಂಧಕಾರ ಸ್ವಪಕ್ಷವನ್ನೇ ಬಿಡುತ್ತಾನೆ. 2023ರಲ್ಲಿ ಮಹಾರಾಷ್ಟ್ರವು ಮರಾಠರ ಮೀಸಲಾತಿಗೆ ಬೇಕಾದ ಕುಣಬಿ ಜಾತಿಯ ಹಳೆಯ ದಾಖಲೆಗಳನ್ನು ಹುಡುಕಲು ನ್ಯಾಯಮೂರ್ತಿ ಸಂದೀಪ ಶಿಂದೆ ಸಮಿತಿ ನೇಮಿಸಿದ ಮೇಲೆ ಮೋಡಿ ಬಲ್ಲವರನ್ನು ಹುಡುಕಿಕೊಂಡು ಹೋಗುವ ಕಾಲ ಬಂತು. ‘ಕುಣಬಿ’ ಎಂಬ ಒಂದು ಪದದ ಮೇಲೆ ಮೀಸಲಾತಿ ನಿಂತಿರುವಾಗ ಊಹಿಸಿ ತುಂಬುವವನು ಓದುಗನಲ್ಲ, ಖೊಟ್ಟಿ ದಸ್ತಾವೇಜು ಬರೆಯುವವನು.

ಆದ್ದರಿಂದ ನಿರ್ಣಯ: ದೀರ್ಘ ಬಿಟ್ಟವನು ಪಾಸು. ಗೆರೆ ಬಿಟ್ಟವನು ನಪಾಸು. ತೂತನ್ನು ತೂತೆಂದು ಬರೆದವನಿಗೆ ಪೂರ್ತಿ ಅಂಕ. ತೂತಿನಲ್ಲಿ ಹೊಲ ಕಂಡವನನ್ನು, ಅವನು ಪರೀಕ್ಷಕರ ಅಳಿಯನೇ ಆಗಿರಲಿ, ಡಿಬಾರ್ ಮಾಡತಕ್ಕದ್ದು.