ಹೀಬ್ರೂ ಎಂಬ ಹೆಸರು ಯಾರ ಸ್ವತ್ತು: ಒಂದು ಜಿಜ್ಞಾಸೆ

ಇಸ್ರೇಲಿನಲ್ಲಿ ಇಂದು ಆಡುವ ನುಡಿಗೆ ಹೆಸರು ಹುಡುಕುವ ವಿದ್ವಾಂಸರಿಗೆ ಬರವಿಲ್ಲ. ಹೈಮ್ ರೋಸೆನ್ ಅದನ್ನು ‘ಇಸ್ರೇಲಿ ಹೀಬ್ರೂ’ ಎಂದರು. ಗಿಲಾದ್ ಝುಕರ್ಮನ್ ಬಾಲವನ್ನು ಕತ್ತರಿಸಿ ಬರೀ ‘ಇಸ್ರೇಲಿ’ ಎಂದರು. ಪಾಲ್ ವೆಕ್ಸ್ಲರ್ 1990ರಲ್ಲಿ, ಅದು ಸೆಮಿಟಿಕ್ ವೇಷ ತೊಟ್ಟ ಸ್ಲಾವಿಕ್ ಭಾಷೆಯೆಂದೇ ತೀರ್ಪಿತ್ತರು. ಮೂವರೂ ಹೊಸ ಭಾಷೆಯ ಜಾತಕವನ್ನಷ್ಟೇ ನೋಡಿದರು. ಹಳೆಯದರ ಕಾಗದಪತ್ರ ಸರಿಯಿದೆಯೇ ಎಂದು ಕೇಳುವ ಸೌಜನ್ಯ ಯಾರಿಗೂ ಇರಲಿಲ್ಲ. ಕೇಳಿದ್ದರೆ ಬೆಚ್ಚಿಬೀಳುತ್ತಿದ್ದರು: ಹೀಬ್ರೂ ಬೈಬಲ್ ತನ್ನ ಭಾಷೆಯನ್ನು ಎಲ್ಲಿಯೂ ಹೀಬ್ರೂ ಎಂದು ಕರೆದಿಲ್ಲ. ಅಸ್ಸೀರಿಯದ ದಂಡು ಜೆರುಸಲೇಮಿಗೆ ಬಂದಾಗ, ಕೋಟೆಯ ಮೇಲಿನ ಜನ ಕೇಳಿಸಿಕೊಂಡಾರೆಂದು ಹೆದರಿದ ಅಧಿಕಾರಿಗಳು, ‘ಯೆಹೂದಿತ್’ ಬೇಡ, ಅರಮೇಯಿಕ್‌ನಲ್ಲಿ ಮಾತಾಡು ಎಂದು ಶತ್ರುವಿನ ದೂತನನ್ನು ಅಂಗಲಾಚುತ್ತಾರೆ. ಯೆಶಾಯನ ಗ್ರಂಥದಲ್ಲಿ ಅದಕ್ಕೆ ‘ಕಾನಾನಿನ ನುಡಿ’ ಎಂಬ ಹೆಸರಿದೆ. ಪ್ರಾಣಭಯದಲ್ಲಿರುವವರು ಭಾಷೆಯ ವಿಷಯದಲ್ಲಿ ಸುಳ್ಳು ಹೇಳಲಾರರು. ಆದ್ದರಿಂದ ಹೀಬ್ರೂ ಎಂಬ ಹೆಸರು ಹೊಸದಕ್ಕೇ ಸಲ್ಲಬೇಕು. ಬೇರೆ ಹೆಸರು ಹುಡುಕಿಕೊಳ್ಳಬೇಕಾದದ್ದು ಹಳೆಯದು.

ಇದಕ್ಕೆ ಆಕ್ಷೇಪಗಳಿವೆ. ಬೆನ್ ಸಿರಾನ ಗ್ರಂಥದ ಗ್ರೀಕ್ ಮುನ್ನುಡಿಯಲ್ಲಿ, ಕ್ರಿಸ್ತಪೂರ್ವದಲ್ಲೇ, ಹೀಬ್ರೂ ಎಂಬ ಹೆಸರು ಕಾಣುತ್ತದಲ್ಲ ಎನ್ನುವರು. ನಿಜ. ಆದರೆ ಅದನ್ನು ಬರೆದವನು ಈಜಿಪ್ಟಿಗೆ ಬಂದು ನೆಲೆಸಿದ ಅನುವಾದಕ. ಹೀಬ್ರೂವಿನ ಮಾತು ಬೇರೆ ಭಾಷೆಗೆ ಹೋದರೆ ಕಸುವು ಕಳೆದುಕೊಳ್ಳುತ್ತದೆ ಎಂದು ಅಲ್ಲೇ ಕ್ಷಮೆ ಬೇಡುತ್ತಾನೆ. ತನ್ನ ಕೆಲಸವನ್ನೇ ನೆಚ್ಚದವನ ಸಾಕ್ಷ್ಯವನ್ನು ನಾವೇಕೆ ನೆಚ್ಚಬೇಕು? ಎರಡನೆಯ ಆಕ್ಷೇಪ ಝುಕರ್ಮನ್ ಪಂಥದ್ದು: ಬೈಬಲ್ಲಿನ ಗದ್ಯದಲ್ಲಿ ಸಾಮಾನ್ಯವಾಗಿ ಕ್ರಿಯಾಪದ ಮೊದಲು ಬಂದರೆ ಇಂದಿನ ಮಾತಿನಲ್ಲಿ ಕರ್ತೃಪದ ಮೊದಲು; ಕುಶಲ ಕೇಳುವ ‘ಮಾ ನಿಶ್ಮಾ’ ಕೂಡ ಯಿಡ್ಡಿಷ್ ಅಚ್ಚಿನಲ್ಲಿ ಎರಕಗೊಂಡದ್ದು. ಇದನ್ನು ನಾವು ಸಂತೋಷದಿಂದ ಒಪ್ಪುತ್ತೇವೆ. ಭಾಷೆಗಳು ಎರಡು, ಹೆಸರು ಒಂದೇ ಎಂದಾದರೆ ಸ್ವಾಧೀನ ಯಾರದೆಂದು ನೋಡುವುದೇ ನ್ಯಾಯ. 1882ರಲ್ಲಿ ಹುಟ್ಟಿದ ಮಗನಿಗೆ ಬೇರೆ ಭಾಷೆ ಕಿವಿಗೆ ಬೀಳದಂತೆ ಎಲಿಯೆಜರ್ ಬೆನ್ ಯೆಹೂದಾ ಕಾವಲು ಕಾದದ್ದು, 1922ರ ಬ್ರಿಟಿಷ್ ಮ್ಯಾಂಡೇಟ್ ಅಧಿಕೃತ ಭಾಷೆಗಳಲ್ಲಿ ಒಂದೆಂದು ಬರೆದುಕೊಂಡದ್ದು, 1953ರಲ್ಲಿ ಅಕಾಡೆಮಿ ಹುಟ್ಟಿದ್ದು, ಎಲ್ಲವೂ ಈ ಹೆಸರಿನಲ್ಲೇ. ಹಳೆಯದರ ಪರವಾಗಿ ಇಂಥ ಒಂದು ಸರ್ಕಾರಿ ಮೊಹರನ್ನಾದರೂ ಯೆಶಾಯ ತೋರಿಸಲಿ.

ಪ್ರಾಚೀನ ಹೀಬ್ರೂ ವಿಭಾಗಗಳ ಬೋರ್ಡು ಬದಲಿಸುವ ಖರ್ಚೊಂದು ಉಳಿಯಿತು. ‘ಯೆಹೂದಿತ್’ ಎಂದು ಬರೆಸಿದರೆ ಸಾಕು. ಝುಕರ್ಮನ್ ಸಿದ್ಧಪಡಿಸಿದ ‘ಇಸ್ರೇಲಿ’ ಎಂಬ ಹೆಸರು ಮಾತ್ರ ಭಾಷೆಯಿಲ್ಲದೆ ಖಾಲಿ ಬೀಳುತ್ತದೆ. ಅದನ್ನು ವೆಕ್ಸ್ಲರ್ ಅವರ ಸ್ಲಾವಿಕ್ ಭಾಷೆಗೆ ಇಡಬಹುದು, ಅದೆಲ್ಲಿದೆ ಎಂದು ಅವರು ತೋರಿಸಿದ ಮೇಲೆ.